ಮಸಿ ಹಿಡಿಯದ ಚೀಲಗಳು

ಹೋದ ತಿಂಗಳು ನಮ್ಮ ಕೇರಿಯ ಸ್ವಸಹಾಯ ಸಂಘದ ಹೆಂಗಸರು ಕಾಳುಮೆಣಸಿನ ಪುಡಿಗೆ ಚೀಲ ಮಾಡಿಸಲು ಕುಶಾಲನಗರಕ್ಕೆ ಹೊರಟಾಗ ನನ್ನನ್ನೂ ವ್ಯಾನಿಗೆ ಹತ್ತಿಸಿಕೊಂಡರು. ಒಂದು ಕಾಲದಲ್ಲಿ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವಳು, ಅಕ್ಷರದ ತಪ್ಪಿದ್ದರೆ ಹಿಡಿಯುತ್ತೇನೆ ಎಂಬ ನಂಬಿಕೆ ಅವರಿಗೆ. ಚೀಲಕ್ಕೆ ಅಚ್ಚು ಹಾಕುವ ಆ ಶೆಡ್ಡಿನ ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟಿದ್ದೆ, ಅಷ್ಟೇ, ಮೂಗಿಗೆ ಒಂದು ವಾಸನೆ ಹೊಡೆಯಿತು. ಮಸಿಯದಲ್ಲ, ಸೀಮೆಎಣ್ಣೆಯದೂ ಅಲ್ಲ. ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದ ಮೇಲೆ ಗಾಳಿಯಲ್ಲಿ ಉಳಿಯುತ್ತದಲ್ಲ, ಗಂಟಲ ಹಿಂದೆ ಚುಚ್ಚುವ ಆ ವಾಸನೆ. ಮೂಲೆಯಲ್ಲಿ ಉರುಳೆಯ ಮೇಲೆ ಪ್ಲಾಸ್ಟಿಕ್ ಹಾಳೆ ಸರಸರ ಓಡುತ್ತಿತ್ತು, ಅದರ ಮೇಲೆ ನೇರಳೆ ಬೆಳಕಿನ ಒಂದು ಗೆರೆ ಚರಚರ ಎನ್ನುತ್ತಿತ್ತು. ನಾನು ಹೊರಗೆ ಬಂದು ವ್ಯಾನಿನ ಮೆಟ್ಟಿಲ ಮೇಲೆ ಕೂತೆ. ತಲೆ ಸುತ್ತಿತೇ ಅಜ್ಜಿ ಎಂದು ಯಾರೋ ಕೇಳಿದರು. ಹೌದು ಎಂದೆ. ಸುಳ್ಳು ಹೇಳುವುದು ನನಗೆ ಹೊಸದೇನಲ್ಲ.

ಆ ವಾಸನೆ ನನಗೆ ಮೊದಲು ಗೊತ್ತಾದದ್ದು ವಿರಾಜಪೇಟೆಯಲ್ಲಿ, ನಮ್ಮ ಪ್ರೆಸ್ಸಿನ ಪಕ್ಕದ ಬ್ಯಾಟರಿ ಅಂಗಡಿಯಲ್ಲಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗ ನಾಲ್ಕೈದು ವರ್ಷವಾಗಿತ್ತು. ನಾನು ಮೂರ್ನಾಡಿನಿಂದ ಮದುವೆಯಾಗಿ ಬಂದವಳು. ಗಂಡನದು ಒಂದು ಟ್ರೆಡಲ್ ಪ್ರೆಸ್ಸು. ಮದುವೆ ಕಾರ್ಡು, ಬಿಲ್ ಬುಕ್ಕು, ಎಸ್ಟೇಟುಗಳ ಹಾಜರಿ ಪುಸ್ತಕ, ಅಷ್ಟರಲ್ಲೇ ನಮ್ಮ ಸಂಸಾರ. ಅವರು ಕಾಲಿನಲ್ಲಿ ಯಂತ್ರ ತುಳಿಯುತ್ತಿದ್ದರು. ಮೊಳೆ ಜೋಡಿಸುವುದು, ಗಿರಾಕಿಗಳ ಹತ್ತಿರ ಮಾತಾಡುವುದು, ಯಾವ ಕೆಲಸ ಮೊದಲು ಯಾವುದು ಆಮೇಲೆ ಎಂದು ಹೇಳುವುದು ಎಲ್ಲ ನಾನೇ. ಪೇಟೆಯವರು ನನ್ನನ್ನು ಪ್ರೆಸ್ಸಿನಮ್ಮ ಎನ್ನುತ್ತಿದ್ದರು. ಇಪ್ಪತ್ತಮೂರು ವರ್ಷದವಳಿಗೆ ಅಂಥ ಹೆಸರು ಸಿಕ್ಕರೆ ಕಾಲು ನೆಲಕ್ಕೆ ತಾಗುವುದಿಲ್ಲ, ನನಗೂ ತಾಗುತ್ತಿರಲಿಲ್ಲ.

ಬ್ಯಾಟರಿ ಅಂಗಡಿಯವರನ್ನು ನಾನು ಅಣ್ಣ ಎನ್ನುತ್ತಿದ್ದೆ. ಕೊಡ್ಲಿಪೇಟೆ ಕಡೆಯವರು. ಹೆಂಡತಿ, ಒಬ್ಬ ಪುಟ್ಟ ಮಗಳು ಊರಲ್ಲಿ, ಅಣ್ಣತಮ್ಮಂದಿರ ಒಟ್ಟುಮನೆಯಲ್ಲಿ. ಇವರು ಇಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಬೇಯಿಸಿಕೊಂಡು ಇರುತ್ತಿದ್ದರು. ಪೇಟೆಗೆ ಕರೆಂಟು ಬಂದಿದ್ದರೂ ಎಸ್ಟೇಟುಗಳಿಗೆ ಬಂದಿರಲಿಲ್ಲ. ದೊರೆಗಳ ಬಂಗಲೆಯ ರೇಡಿಯೋ ಹಾಡಬೇಕಾದರೆ ಬ್ಯಾಟರಿ ಬೇಕು, ಅದು ವಾರಕ್ಕೊಮ್ಮೆ ಬಸ್ಸಿನ ಮೇಲೆ ಕೂತು ಇವರ ಅಂಗಡಿಗೆ ಬಂದು ಚಾರ್ಜ್ ಆಗಿ ಹೋಗಬೇಕು. ಆಸಿಡ್ ಸಿಡಿದು ಅವರ ಅಂಗಿಯಲ್ಲಿ ತೂತಿಲ್ಲದ ಜಾಗವೇ ಇರಲಿಲ್ಲ. ಓದಿದ್ದು ಎಂಟನೇ ಕ್ಲಾಸು. ಆದರೆ ಒಂದು ನೋಟುಪುಸ್ತಕ ಇಟ್ಟುಕೊಂಡು ಕಂಡದ್ದನ್ನೆಲ್ಲ ಅದರಲ್ಲಿ ಬರೆಯುವ ಚಟ. ಯಾವ ಬ್ಯಾಟರಿ ಎಷ್ಟು ದಿನ ತಾಳಿತು, ಯಾವ ಮಳೆಗೆ ಯಾವ ತಂತಿ ತುಕ್ಕು ಹಿಡಿಯಿತು... ಇದನ್ನು ಬರೆದು ಯಾರಿಗೆ ಕೊಡುತ್ತೀರಿ ಎಂದು ನಾನು ಹಾಸ್ಯ ಮಾಡುತ್ತಿದ್ದೆ. ಬರೆದಿಟ್ಟರೆ ಸುಳ್ಳು ಹೇಳಕ್ಕಾಗಲ್ಲ ಎಂದು ನಗುತ್ತಿದ್ದರು.

ಪಾಲಿಥೀನ್ ಹಾಳೆ ಆಗಷ್ಟೇ ನಮ್ಮ ಕಡೆಗೆ ಬರಲು ಶುರುವಾಗಿತ್ತು. ಕಾಫಿಪುಡಿ ಮಾರುವವರಿಗೆ ಅದು ದೇವರು ಕೊಟ್ಟ ವರ. ಕೊಡಗಿನ ಮಳೆಗಾಲದಲ್ಲಿ ಕಾಗದದ ಪೊಟ್ಟಣದೊಳಗಿನ ಪುಡಿ ಎಂಟು ದಿನಕ್ಕೆ ಗಟ್ಟಿಯಾಗಿ ಬೆಲ್ಲದ ಅಚ್ಚಿನಂತೆ ಆಗುತ್ತಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಆ ತೊಂದರೆ ಇಲ್ಲ, ಆದರೆ ಅದರ ಮೇಲೆ ಹೆಸರು ನಿಲ್ಲುವುದಿಲ್ಲ. ನಮ್ಮ ಟ್ರೆಡಲ್‌ಗೆ ಕೊಟ್ಟು ನೋಡಿದ್ದೆವು. ಮಸಿ ಕೂರುತ್ತದೆ, ಒಣಗುತ್ತದೆ, ಬೆರಳಲ್ಲಿ ಒಮ್ಮೆ ಸವರಿದರೆ ಎದ್ದು ಬರುತ್ತದೆ. ಚೀಟಿ ಅಂಟಿಸಿದರೆ ಗೋಂದು ಬಿಡುತ್ತದೆ. ಆ ಕೆಲಸವನ್ನು ನಾನು ಕೈಬಿಟ್ಟಿದ್ದೆ.

ಒಂದು ಆಷಾಢದ ಮಧ್ಯಾಹ್ನ ಅಣ್ಣ ಒಂದು ಪ್ಲಾಸ್ಟಿಕ್ ತುಂಡು ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದರು. ಹಳೆಯ ಮಿಲಿಟರಿ ಜೀಪಿನ, ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲ್ ಒಂದನ್ನು ರಿಪೇರಿ ಮಾಡುತ್ತಿದ್ದರಂತೆ. ಸೋರುವ ಹಂಚಿನಿಂದ ಅದರ ಮೇಲೆ ನೀರು ಬೀಳದಿರಲೆಂದು ಪ್ಲಾಸ್ಟಿಕ್ ಹೊದಿಸಿದ್ದರಂತೆ. ಕಾಯಿಲ್‌ನ ಕಿಡಿ ಹಾಳೆಯ ಮೈಮೇಲೆ ಹರಿದಾಡಿತ್ತು, ಅದರ ಮೇಲೇ ನಾಲ್ಕು ಹನಿಯೂ ಬಿದ್ದಿತ್ತು. ತುಂಡನ್ನು ನನ್ನ ಮೇಜಿನ ಮೇಲೆ ಹರಡಿ ತೋರಿಸಿದರು.

“ಇಲ್ನೋಡಿ ಕಣಮ್ಮ. ಈ ಕಡೆ ನೀರು ಕೆಸಿನೆಲೆ ಮೇಲಿನ ಥರ ಗುಂಡಗೆ ನಿಂತದೆ. ಕಿಡಿ ಹರಿದ ಕಡೆ ನೋಡಿ, ಹರ್ಕೊಂಡು ಅಂಟಿಕೊಂಡದೆ. ನೀರು ಹಿಡಿದ ಮೇಲೆ ಮಸಿ ಯಾಕೆ ಹಿಡಿಯಲ್ಲ?”

ಹಿಡಿಯಿತು. ಅವತ್ತೇ ಆ ತುಂಡಿನ ಮೇಲೆ ನಮ್ಮ ಪ್ರೆಸ್ಸಿನ ಹೆಸರನ್ನು ಅಚ್ಚು ಹಾಕಿದೆವು. ಕಿಡಿ ಹರಿದ ಜಾಗದಲ್ಲಿ ಅಕ್ಷರ ನಿಂತಿತು, ಹರಿಯದ ಜಾಗದಲ್ಲಿ ಸವರಿದರೆ ಹೋಯಿತು. ಅಣ್ಣ ಆಸ್ಪತ್ರೆಯ ಕಾಂಪೌಂಡರ್ ಹತ್ತಿರ ಗಾಯಕ್ಕೆ ಹಚ್ಚುವ ಅಂಟುಪಟ್ಟಿ ಕೇಳಿ ತಂದು, ಅಕ್ಷರದ ಮೇಲೆ ಒತ್ತಿ, ಸರಕ್ಕೆಂದು ಕಿತ್ತರು. ಪಟ್ಟಿ ಬಿಳಿಯಾಗಿಯೇ ಬಂತು. ಅವರ ಮುಖದಲ್ಲಿ ಆಗ ಕಂಡ ಸಂತೋಷ... ಅದನ್ನು ನಾನು ಇನ್ನೂ ಮರೆತಿಲ್ಲ, ಮರೆಯುವ ಹಕ್ಕೂ ನನಗಿಲ್ಲ.

ದೀಪಾವಳಿಯ ಹೊತ್ತಿಗೆ ಅವರು ಒಂದು ಯಂತ್ರವನ್ನೇ ಕಟ್ಟಿದರು. ಮರದ ಚೌಕಟ್ಟು, ಸೈಕಲ್ ಟ್ಯೂಬ್ ಸುತ್ತಿದ ಕಬ್ಬಿಣದ ಉರುಳೆ, ಕೈಯಲ್ಲಿ ತಿರುಗಿಸುವ ಹಿಡಿ. ಉರುಳೆಯ ಮೇಲೆ ಹಿತ್ತಾಳೆ ಪಟ್ಟಿ, ಪಟ್ಟಿಗೆ ಸಾಲಾಗಿ ಬೆಸೆದ ಗ್ರಾಮಫೋನ್ ಮುಳ್ಳುಗಳು. ಮುಳ್ಳಿಗೂ ಪ್ಲಾಸ್ಟಿಕ್ಕಿಗೂ ನಡುವೆ ಎಷ್ಟು ಸಂದು ಬಿಡಬೇಕೆಂದು ಹುಡುಕಿ ಹುಡುಕಿ ಕೊನೆಗೆ ನಮ್ಮಲ್ಲಿಂದ ಒಂದು ಮದುವೆ ಕಾರ್ಡು ತೆಗೆದುಕೊಂಡು ಹೋದರು. ಆ ಕಾರ್ಡಿನ ದಪ್ಪವೇ ಸರಿಯಾದ ಅಳತೆಯಾಯಿತು. ಬ್ಯಾಟರಿಯ ತಂತಿಯನ್ನು ಕಾಯಿಲ್‌ಗೆ ಸೇರಿಸಿದರೆ ಮುಳ್ಳುಗಳ ತುದಿಯಿಂದ ನೇರಳೆ ಬಣ್ಣದ ಕಿಡಿ ಸುರಿಯುತ್ತಿತ್ತು, ಅಂಗಡಿಯ ತುಂಬ ಆ ವಾಸನೆ. ಕುತ್ತಿಗೆ ಚಾಚಿ ನೋಡುವ ದಾರಿಹೋಕರಿಗೆ ನನ್ನ ಗಂಡ, ಇವರು ಇಲ್ಲಿ ಸಿಡಿಲನ್ನು ಸಾಕಿದ್ದಾರೆ ಎನ್ನುತ್ತಿದ್ದರು. ಮಾತೇ ಆಡದ ನನ್ನ ಗಂಡ ಆಡಿದ ಅಪರೂಪದ ಹಾಸ್ಯ ಅದು.

ಬಸ್ ನಿಲ್ದಾಣದ ಹತ್ತಿರದ ಬೀಡಾ ಅಂಗಡಿಗೆ ಸುಪಾರಿಯ ಸಣ್ಣ ಚೀಲ ಇನ್ನೂರು ಮಾಡಿಕೊಟ್ಟೆವು. ಒಂದಕ್ಷರವೂ ಅಲ್ಲಾಡಲಿಲ್ಲ. ಆ ಕೆಲಸದಲ್ಲಿ ಅಣ್ಣ ಒಂದು ವಿಷಯ ಕಂಡುಹಿಡಿದು ನೋಟುಪುಸ್ತಕದಲ್ಲಿ ಬರೆದುಕೊಂಡರು. ಕಿಡಿ ಹೊಡೆದು ಇಟ್ಟ ಹಾಳೆ ನೋಡಲು ಹೇಗಿತ್ತೋ ಹಾಗೇ ಇರುತ್ತದೆ, ಆದರೆ ದಿನ ಕಳೆದಂತೆ ಮತ್ತೆ ಮೊದಲಿನ ಗುಣಕ್ಕೇ ತಿರುಗುತ್ತದೆ. ನೀರು ಮತ್ತೆ ಗುಂಡಗೆ ನಿಲ್ಲುತ್ತದೆ. ಅದನ್ನು ನನಗೂ ನನ್ನ ಗಂಡನಿಗೂ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

“ಕಿಡಿ ಹೊಡೆದ ದಿನಾನೇ ಅಚ್ಚು ಬೀಳಬೇಕು ಕಣಮ್ಮ. ಇಟ್ರೆ ಇಳಿದುಹೋಯ್ತದೆ.”

ನಾನು ತಲೆಯಾಡಿಸುತ್ತಿದ್ದೆ. ಒಳಗೊಳಗೆ, ಇದೊಂದು ಹೊಸ ಮಡಿ ಎಂದುಕೊಳ್ಳುತ್ತಿದ್ದೆ.

ಪೇಟೆಯಲ್ಲಿ ಕಾಫಿಪುಡಿ ಸಾಹುಕಾರರೊಬ್ಬರಿದ್ದರು. ಸ್ವಂತ ತೋಟ, ಸ್ವಂತ ಹುರಿಯುವ ಯಂತ್ರ, ಕೇರಳದ ಬಸ್ಸುಗಳಲ್ಲಿ ಗಡಿಯಾಚೆಗೂ ಪುಡಿ ಕಳಿಸುವವರು. ನಮ್ಮ ಪ್ರೆಸ್ಸಿನ ಅರ್ಧ ಕೆಲಸ ಅವರದೇ. ಸುಪಾರಿ ಚೀಲ ನೋಡಿ ಅವರಿಗೂ ಆಸೆಯಾಯಿತು. ಅಣ್ಣನಿಗೆ ಅವರಿಂದ ಬೇಕಾಗಿದ್ದದ್ದು ಬೇರೆ. ಮೈಸೂರಿನ ವಸ್ತುಪ್ರದರ್ಶನದಲ್ಲಿ ಸಣ್ಣ ಕೈಗಾರಿಕೆಯವರಿಗೆ ಮಳಿಗೆ ಕೊಡುತ್ತಾರೆಂದು ಅವರು ಪೇಪರಿನಲ್ಲಿ ಓದಿದ್ದರು. ಕೊಡಗು ಬೇರೆ ರಾಜ್ಯವಾಗಿದ್ದ ಕಾಲದಲ್ಲಾಗಿದ್ದರೆ ಮಡಿಕೇರಿಗೆ ಬಸ್ ಹತ್ತಿ ಹೋಗಿ ಮುಗಿಸಿಕೊಂಡು ಬರಬಹುದಿದ್ದ ಕೆಲಸಕ್ಕೆ ಈಗ ಮೈಸೂರಿಗೆ ಬರೆದು, ಬೆಂಗಳೂರಿಗೆ ಬರೆದು, ಕಾಯಬೇಕಾಗಿತ್ತು. ಮೂರು ಕಾಗದ ಹೋದ ಮೇಲೆ ಉತ್ತರ ಬಂತು. ಇಂಥ ಯಂತ್ರದಿಂದ ಕೆಲಸ ಮಾಡಿಸಿಕೊಂಡು ತೃಪ್ತಿಯಾಗಿದೆ ಎಂದು ಹೆಸರಿರುವ ವ್ಯಾಪಾರಿಯೊಬ್ಬರು ಬರೆದುಕೊಡಬೇಕು. ಚೀಲ ಸರಿಯಾಗಿ ಬಂದರೆ ಖಂಡಿತ ಬರೆದುಕೊಡುತ್ತೇನೆ ಎಂದರು ಸಾಹುಕಾರರು.

ಆ ಕಾಗದದ ಮೇಲೆ ಅಣ್ಣ ಏನೆಲ್ಲ ಕಟ್ಟಿಕೊಂಡಿದ್ದರು ಎಂಬುದು ನನಗೆ ಗೊತ್ತಿತ್ತು. ಮಳಿಗೆ ಸಿಕ್ಕರೆ ನಾಲ್ಕು ಜನ ಯಂತ್ರ ನೋಡುತ್ತಾರೆ, ಕೆಲಸ ಬರುತ್ತದೆ, ಒಟ್ಟುಮನೆಯಿಂದ ಹೆಂಡತಿ ಮಗಳನ್ನು ಕರೆತಂದು ವಿರಾಜಪೇಟೆಯಲ್ಲಿ ಮನೆ ಮಾಡಬಹುದು. ಮಗಳನ್ನು ಇಲ್ಲಿನ ಶಾಲೆಗೆ ಸೇರಿಸಬೇಕೆಂದು ಶಾಲೆಯವರನ್ನು ವಿಚಾರಿಸಿಯೂ ಇಟ್ಟಿದ್ದರು. ಊರಿನಲ್ಲಿ ಅಣ್ಣತಮ್ಮಂದಿರು ಇವರನ್ನು ಆಡಿಕೊಳ್ಳುತ್ತಿದ್ದರು. ಗದ್ದೆ ಬಿಟ್ಟು ಹೋಗಿ ಕಿಡಿ ಹಾರಿಸುತ್ತಾ ಕೂತವನು ಎಂದು.

ಪುಷ್ಯದಲ್ಲಿ ಅವರ ತಂದೆ ಹಾಸಿಗೆ ಹಿಡಿದರು. ಗದ್ದೆಯ ಒಕ್ಕಣೆಯೂ ಬಾಕಿಯಿತ್ತು. ಅಣ್ಣ ಅಂಗಡಿಯ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು, ಕಾಯಿಲ್‌ಗೆ ಹೊಸದಾಗಿ ಚಾರ್ಜ್ ಮಾಡಿದ ಬ್ಯಾಟರಿ ಜೋಡಿಸಿ, ನನ್ನ ಗಂಡನಿಗೆ ಹಿಡಿ ತಿರುಗಿಸುವುದನ್ನು ಇನ್ನೊಮ್ಮೆ ತೋರಿಸಿ ಹೋದರು. ಹೋಗುವಾಗಲೂ ಅದೇ ಮಾತು. ಕಿಡಿ ಹೊಡೆದ ದಿನವೇ ಅಚ್ಚು.

ಸಾಹುಕಾರರ ಚೀಲಕ್ಕೆ ಕಾಫಿಗಿಡದ ಚಿತ್ರ ಕೊರೆದ ಬ್ಲಾಕು ಮೈಸೂರಿನಿಂದ ಬರಬೇಕಾಗಿತ್ತು. ಬರಲಿಲ್ಲ. ನಮಗೆ ಬೇರೆ ಕೆಲಸವೂ ಇರಲಿಲ್ಲ. ಪ್ರೆಸ್ಸಿನವರಿಗೆ ಒಂದು ಅಭ್ಯಾಸವಿದೆ. ಕಾಗದ ಬಾರದಿದ್ದರೂ ಬಿಡುವಿದ್ದಾಗ ಮೊಳೆ ಜೋಡಿಸಿ, ದಾರ ಸುತ್ತಿ ಬಿಗಿದು, ಗ್ಯಾಲಿ ತಟ್ಟೆಯಲ್ಲಿ ಇಟ್ಟುಬಿಡುತ್ತೇವೆ. ಕಟ್ಟಿಟ್ಟ ಮ್ಯಾಟರ್ ತಿಂಗಳಿದ್ದರೂ ಏನೂ ಆಗುವುದಿಲ್ಲ. ಕಾಗದ ಬಂದ ದಿನ ಯಂತ್ರಕ್ಕೆ ಏರಿಸಿದರಾಯಿತು. ಮುಂಚೆ ಮಾಡಿಟ್ಟುಕೊಂಡವಳು ಜಾಣೆ ಎಂದು ನನಗೆ ಅತ್ತೆ ಕಲಿಸಿದ್ದರು. ಆ ಜಾಣತನವನ್ನೇ ನಾನು ಪ್ಲಾಸ್ಟಿಕ್ಕಿಗೂ ಹಚ್ಚಿದೆ. ಸಾಹುಕಾರರು ಕಳಿಸಿದ್ದ ಅಷ್ಟೂ ಸುರುಳಿಗೆ ಒಂದೇ ವಾರದಲ್ಲಿ ಕಿಡಿ ಹೊಡೆಸಿದೆ. ಮತ್ತೆ ಸುರುಳಿ ಸುತ್ತಿ, ದಾರ ಕಟ್ಟಿ, ಹಿಂದಿನ ಕೋಣೆಯಲ್ಲಿ ಪೇರಿಸಿದೆ. ಗಂಡ ಒಮ್ಮೆ, ಅವರು ಅವತ್ತೇ ಹಾಕಬೇಕೆಂದಿದ್ದರಲ್ಲ ಎಂದರು. ಎಂಟನೇ ಕ್ಲಾಸಿನವರ ಮಾತನ್ನು ಎಷ್ಟೂಂತ ಕೇಳುವುದು ಎಂದೆ. ನಾನು ಓದಿದ್ದು ಏಳನೆಯದರವರೆಗೆ.

ಬ್ಲಾಕು ಬರುವ ಹೊತ್ತಿಗೆ ಇಪ್ಪತ್ತೈದು ದಿನವಾಗಿತ್ತು. ಮೂರು ದಿನ ಹಗಲಿಡೀ ಅಚ್ಚು ಹಾಕಿ ಹಗ್ಗಕ್ಕೆ ನೇತುಹಾಕಿ ಒಣಗಿಸಿದೆವು. ನೋಡಲು ಚೆಂದವಾಗಿತ್ತು. ಒಂದು ಹನಿ ನೀರು ಹಾಕಿ ನೋಡಿದ್ದರೆ ಸಾಕಿತ್ತು. ಅಂಟುಪಟ್ಟಿ ಕೂಡ ಅಣ್ಣನ ಮೇಜಿನ ಮೇಲೇ ಇತ್ತು. ಆದರೆ ಎಲ್ಲ ಬಲ್ಲವರು ಪರೀಕ್ಷೆ ಮಾಡುವುದಿಲ್ಲ. ಚೀಲ ಸಾಹುಕಾರರ ಮನೆ ಸೇರಿ, ಪುಡಿ ತುಂಬಿ, ಬಸ್ಸು ಹತ್ತಿ ಹೋಯಿತು. ಅಣ್ಣ ಊರಿನಿಂದ ಬಂದದ್ದು ಅದಾಗಿ ನಾಲ್ಕು ದಿನಕ್ಕೆ, ತಂದೆಯ ಕರ್ಮ ಮುಗಿಸಿ, ತಲೆ ಬೋಳಿಸಿಕೊಂಡು. ಚೀಲವೆಲ್ಲ ಹೋಯಿತು ಎಂದೆ. ಚೆನ್ನಾಗಿ ಬಂತಾ ಎಂದು ಕೇಳಿದರು. ಬಂತು ಎಂದೆ.

ಆ ವಾರವೇ ಪುಡಿ ವಾಪಸು ಬಂತು. ಗಡಿಯಾಚೆಯ ಅಂಗಡಿಯವರು ಮೂಟೆಗಟ್ಟಲೆ ಹಿಂದಕ್ಕೆ ಕಳಿಸಿದ್ದರು. ಮೂಟೆಯೊಳಗೆ ಚೀಲಕ್ಕೆ ಚೀಲ ತಿಕ್ಕಿ ಹೆಸರು, ಚಿತ್ರ ಎಲ್ಲ ಉದುರಿ, ಹಿಡಿದವರ ಕೈಯೆಲ್ಲ ಕಪ್ಪು. ಸಾಹುಕಾರರು ನಮ್ಮ ಮೂವರನ್ನೂ ಅಂಗಡಿಗೆ ಕರೆಸಿದರು. ಅಲ್ಲಿ ಇನ್ನೂ ನಾಲ್ಕೈದು ವ್ಯಾಪಾರಿಗಳು ಕೂತಿದ್ದರು. ಅಂಥ ದಿನ ಜನ ಎಲ್ಲಿಂದ ಸೇರುತ್ತಾರೋ ಗೊತ್ತಾಗುವುದಿಲ್ಲ. ಸಾಹುಕಾರರು ಒಂದು ಚೀಲ ಎತ್ತಿ ಮೇಜಿನ ಮೇಲೆ ಹಾಕಿದರು.

“ಇದು ಎಂತ, ಪ್ರೆಸ್ಸಿನಮ್ಮ? ಹೆಸರಿಲ್ಲದ ಪುಡಿ ಯಾರು ತಗೊಳ್ತಾರೆ? ನನ್ನ ಮರ್ಯಾದೆ ಹೋಯ್ತಲ್ಲ.”

ನಾನು ಬಾಯಿ ತೆರೆಯುವ ಮುಂಚೆ ಅಣ್ಣ ಮುಂದೆ ಬಂದು ಚೀಲವನ್ನು ಕೈಗೆತ್ತಿಕೊಂಡರು. ಲೋಟದಿಂದ ಒಂದು ಹನಿ ನೀರನ್ನು ಬೆರಳಲ್ಲಿ ತೆಗೆದು ಅದರ ಮೇಲೆ ಬಿಟ್ಟರು. ಹನಿ ಗುಂಡಗೆ ನಿಂತಿತು. ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಅವರ ದನಿಯಲ್ಲಿ ಸಂಶಯವಿರಲಿಲ್ಲ, ಬರೆದುಕೊಳ್ಳಲು ಕೇಳುವವರ ಹಾಗೆ ಕೇಳಿದರು.

“ಕಿಡಿ ಹೊಡೆದ ದಿನಾನೇ ಅಚ್ಚು ಹಾಕಿದ್ರಲ್ಲ ಕಣಮ್ಮ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನನ್ನ ಕೈ ಹೆಗಲಿಗೆ ಹೋಗಲಿಲ್ಲ. ನಾನು ಅಷ್ಟು ದಡ್ಡಿಯಲ್ಲ. ಆ ಒಂದು ಗಳಿಗೆಯಲ್ಲಿ ಏನೇನು ಯೋಚಿಸಿದೆ ಎಂದು ಈಗ ಹೇಳಿಬಿಡಬೇಕು. ಸಾಹುಕಾರರ ಕೆಲಸ ಕೈಬಿಟ್ಟರೆ ಪ್ರೆಸ್ಸು ಮುಚ್ಚುತ್ತದೆ ಎಂಬ ಭಯ ಇದ್ದದ್ದು ನಿಜ. ಎಷ್ಟೋ ವರ್ಷ ನಾನು ಆ ಭಯದ ಹೆಸರು ಹೇಳಿಯೇ ನನ್ನನ್ನು ಸಮಾಧಾನ ಮಾಡಿಕೊಂಡೆ. ಆದರೆ ನಿಜವಾದ ಕಾರಣ ಅದಲ್ಲ. ಕೂತಿದ್ದ ಗಂಡಸರ ಮುಂದೆ, ಅಣ್ಣ ಹೇಳಿದ್ದರು, ನಾನು ಕೇಳಲಿಲ್ಲ ಎಂದು ಹೇಳಲು ಪ್ರೆಸ್ಸಿನಮ್ಮನಿಗೆ ನಾಲಿಗೆ ಏಳಲಿಲ್ಲ.

“ಹೌದಣ್ಣ. ನೀವು ಹೇಳಿದ ಹಾಗೇ ಮಾಡಿದ್ದು. ಅದೇ ದಿನ.”

ಅಣ್ಣ ತಲೆಯಾಡಿಸಿದರು. ನಂಬಿದರು. ಇವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಅವರು ಕೂಗಿದ್ದರೆ, ಒಂದು ಜಗಳವಾಗಿ ನಾನು ಅತ್ತು ಒಪ್ಪಿಕೊಳ್ಳುತ್ತಿದ್ದೆನೋ ಏನೋ... ಅವರು ಹಾಗೆ ಮಾಡಲಿಲ್ಲ. ನನ್ನ ಮಾತನ್ನು ನಂಬಿ ತಮ್ಮ ಯಂತ್ರವನ್ನು ನಂಬದಾದರು. ಸಾಹುಕಾರರು, ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರಾ ಎಂದು ನಕ್ಕರು. ಉಳಿದವರೂ ನಕ್ಕರು. ಬರೆದುಕೊಡಬೇಕಾಗಿದ್ದ ಕಾಗದದ ಮಾತನ್ನು ಯಾರೂ ಎತ್ತಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಗಂಡ, ಒಂದು ಮಾತು ನಿಜ ಹೇಳಬಹುದಿತ್ತು ಎಂದರು. ನೀವೇ ಹೇಳಬಹುದಿತ್ತಲ್ಲ, ಬಾಯಿಗೆ ಬೀಗ ಬಿದ್ದಿತ್ತೇ ಎಂದು ನಾನು ಹರಿಹಾಯ್ದೆ. ಆ ವಿಷಯ ನಮ್ಮಿಬ್ಬರ ನಡುವೆ ಅವರು ಸಾಯುವವರೆಗೂ ಎದ್ದು ಬರಲಿಲ್ಲ. ಬರಲಿಲ್ಲ ಎಂದರೆ ಹೋಗಿತ್ತು ಎಂದಲ್ಲ. ಊಟಕ್ಕೆ ಕೂತಾಗ, ಎಲೆಯಡಿಕೆ ಹಾಕಿದಾಗ, ಇಬ್ಬರೂ ಸುಮ್ಮನಿದ್ದಾಗೆಲ್ಲ ಅದು ಅಲ್ಲೇ ಇತ್ತು.

ಆಮೇಲೆ ತಿಂಗಳುಗಟ್ಟಲೆ ಅಣ್ಣ ಇಲ್ಲದ ತಪ್ಪನ್ನು ಹುಡುಕಲು ಕೂತರು. ಮುಳ್ಳಿನ ಸಂದು ಬದಲಿಸಿದರು. ಟ್ಯೂಬ್ ಬದಲಿಸಿದರು. ಎಲ್ಲಿಂದಲೋ ಇನ್ನೊಂದು ಕಾಯಿಲ್ ತಂದು ಎರಡನ್ನೂ ಜೋಡಿಸಿದರು. ಹಾಳೆ ತೂತು ತೂತಾಗಿ ಸುಟ್ಟಿತು, ಅವರ ಬೆರಳೂ ಸುಟ್ಟಿತು. ಇಡೀ ದಿನ ಆ ವಾಸನೆಯಲ್ಲಿ ಕೂತು ಕೂತು ಕೆಮ್ಮು ಹಿಡಿಯಿತು. ಚಾರ್ಜ್‌ಗೆ ಬಂದ ಬ್ಯಾಟರಿಗಳು ಮೂಲೆಯಲ್ಲಿ ಹಾಗೇ ಉಳಿಯತೊಡಗಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಬೇರೆ ಅಂಗಡಿ ಹುಡುಕಿಕೊಂಡರು.

ಒಂದು ಮಧ್ಯಾಹ್ನ ಅವರು ನಮ್ಮಲ್ಲಿಗೆ ಬಂದರು. ಕೈಯಲ್ಲಿ ಬೀಡಾ ಅಂಗಡಿಯ ಸುಪಾರಿ ಚೀಲ. ಆರು ತಿಂಗಳಾಗಿದ್ದರೂ ಅದರ ಮೇಲಿನ ಹೆಸರು ಹೊಸದರಂತೆ ಇತ್ತು. ನೋಟುಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟರು.

“ಇದು ಹೋಗಿಲ್ಲ, ಅದು ಹೋಯ್ತು. ಎರಡೂ ಅದೇ ಹಾಳೆ, ಅದೇ ಕಾಯಿಲ್, ಎರಡಕ್ಕೂ ಅವತ್ತಿಗವತ್ತೇ ಅಚ್ಚು. ವ್ಯತ್ಯಾಸ ಎಲ್ಲದೆ ಹೇಳಿ ಕಣಮ್ಮ. ನಂಗೆ ಹೊಳೀತಿಲ್ಲ.”

ಪುಸ್ತಕದ ಒಂದು ಪುಟದಲ್ಲಿ ಎರಡು ಸಾಲು ಮಾಡಿ ಎರಡೂ ಚೀಲಗಳ ವಿವರ ಬರೆದಿದ್ದರು. ಸಾಹುಕಾರರ ಚೀಲದ ಸಾಲಿನಲ್ಲಿ, ಅದೇ ದಿನ ಅಚ್ಚು ಎಂದಿತ್ತು. ನನ್ನ ಸುಳ್ಳನ್ನು ಅವರು ತಮ್ಮ ದುಂಡು ಅಕ್ಷರದಲ್ಲಿ ಬರೆದುಕೊಂಡಿದ್ದರು. ಬರೆದಿಟ್ಟರೆ ಸುಳ್ಳು ಹೇಳಲಾಗದು ಎಂದು ನಂಬಿದ್ದ ಮನುಷ್ಯ. ಆಗ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಸಾಹುಕಾರರಿರಲಿಲ್ಲ, ನಗುವ ವ್ಯಾಪಾರಿಗಳಿರಲಿಲ್ಲ. ಒಂದು ಸಾಲು ಹೊಡೆದುಹಾಕಿಸಿದ್ದರೆ ಅವರ ಯಂತ್ರ ಅವರಿಗೆ ವಾಪಸು ಸಿಗುತ್ತಿತ್ತು. ಪ್ರದರ್ಶನಕ್ಕೆ ಬರೆಯಲು ಇನ್ನೂ ಸಮಯವಿತ್ತು. ನಾನು ಪುಟವನ್ನು ನೋಡಿದೆ, ಮೊಳೆ ಜೋಡಿಸುವ ಕೈ ನಿಲ್ಲಿಸದೆ, ಪ್ಲಾಸ್ಟಿಕ್ಕೇ ಕೆಟ್ಟದ್ದು ಬಂದಿರಬೇಕು ಅಣ್ಣ, ಬಿಟ್ಟುಬಿಡಿ ಎಂದೆ. ಅವರು ಪುಸ್ತಕ ಮಡಚಿಕೊಂಡು ಹೋದರು. ಪ್ಲಾಸ್ಟಿಕ್ ಕೆಟ್ಟದ್ದಿರಬಹುದು ಎಂದೂ ಅದರಲ್ಲಿ ಬರೆದುಕೊಂಡಿರುತ್ತಾರೆ.

ಮುಂದಿನ ಮಳೆ ಹಿಡಿಯುವ ಮುಂಚೆ ಅಂಗಡಿ ಖಾಲಿಯಾಯಿತು. ಯಂತ್ರವನ್ನು ಬಿಚ್ಚಿ, ಮರವನ್ನು ಒಲೆಗೆ ಹಾಕಿ, ಮುಳ್ಳುಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ತುಂಬುತ್ತಿದ್ದುದನ್ನು ನಾನು ನಮ್ಮ ಕಿಟಕಿಯಿಂದ ನೋಡಿದೆ. ಹೋಗುವ ದಿನ ಹೇಳಿಹೋಗಲು ಬಂದರು. ಗಂಡ ಅವರ ಪೆಟ್ಟಿಗೆಯನ್ನು ಹೊತ್ತುಕೊಂಡು ಬಸ್ಸಿನವರೆಗೆ ಹೋದರು. ಅಲ್ಲಿ ಏನಾದರೂ ಹೇಳಿದರೋ ಎಂದು ನನಗೆ ಹೆದರಿಕೆಯಾಗಿತ್ತು. ಏನೂ ಹೇಳಿರಲಿಲ್ಲ. ಅವರೂ ನನ್ನಂಥವರೇ, ನನಗಿಂತ ಮಾತು ಕಡಿಮೆ ಅಷ್ಟೇ.

ಏಳೆಂಟು ವರ್ಷದ ಮೇಲೆ ಒಂದು ಮದುವೆಗೆಂದು ಕೊಡ್ಲಿಪೇಟೆಗೆ ಹೋಗಿದ್ದೆ. ಬಸ್ಸಿಗೆ ಕಾಯುತ್ತಾ ನಿಂತಾಗ ಎದುರಿನ ಹಿಟ್ಟಿನ ಗಿರಣಿಯಿಂದ ಮೈಯೆಲ್ಲ ಹಿಟ್ಟು ಮೆತ್ತಿದ ಒಬ್ಬರು ರಸ್ತೆ ದಾಟಿ ಬಂದರು. ಹತ್ತಿರ ಬಂದು ನಕ್ಕಾಗಲೇ ಗುರುತು ಸಿಕ್ಕಿದ್ದು. ಗಿರಣಿಯ ಮೋಟರ್ ನೋಡಿಕೊಳ್ಳುವ ಕೆಲಸವಂತೆ. ಕೆಮ್ಮು ಬಿಟ್ಟಿರಲಿಲ್ಲ. ಮನೆಯವರ ಕ್ಷೇಮ ಕೇಳಿದರು, ಪ್ರೆಸ್ಸು ಹೇಗಿದೆ ಎಂದು ಕೇಳಿದರು. ಬಸ್ಸು ಬಂದು ನಿಂತಿತು. ಆಗ ಅವರು ದನಿ ತಗ್ಗಿಸಿ ಹೇಳಿದರು.

“ಆ ಚೀಲದ ವಿಷ್ಯ ಆಮೇಲೆ ಹೊಳೀತು ಕಣಮ್ಮ. ಅಪ್ಪನ ಸುದ್ದಿ ಬಂದ ಅವಸರದಲ್ಲಿ ನಾ ಜೋಡಿಸಿಹೋದ ಬ್ಯಾಟರಿಗೆ ಚಾರ್ಜ್ ಸಾಲದೆ ಇತ್ತು ಅನ್ಸುತ್ತೆ. ಅದಕ್ಕೇ ಕಿಡಿ ಹತ್ತಿಲ್ಲ. ತಪ್ಪು ನಂದೇ. ನನ್ನಿಂದ ನಿಮ್ಮ ಪ್ರೆಸ್ಸಿಗೆ ಕೆಟ್ಟ ಹೆಸರು ಬಂತು. ಮನಸಲ್ಲಿ ಇಟ್ಕೋಬೇಡಿ.”

ಅವರ ಬ್ಯಾಟರಿ ಭರ್ತಿಯಾಗಿತ್ತು. ಆ ವಾರವಿಡೀ ಕಿಡಿ ಚೆನ್ನಾಗಿಯೇ ಸುರಿದಿತ್ತು, ನಾನೇ ಕಣ್ಣಾರೆ ಕಂಡಿದ್ದೆ. ಬ್ಯಾಟರಿಯ ಕಸುಬಿನಲ್ಲೇ ಬೆಳೆದ ಮನುಷ್ಯ, ಬ್ಯಾಟರಿಯನ್ನು ನೋಡದೆ ಹೋದೆ ಎಂದು ತನ್ನ ಮೇಲೆ ತಾನೇ ತಪ್ಪು ಹೊರಿಸಿಕೊಂಡು ಏಳೆಂಟು ವರ್ಷ ಬದುಕಿದ್ದರು. ಕಂಡಕ್ಟರ್ ಸೀಟಿ ಊದಿದ. ಪರವಾಗಿಲ್ಲ ಬಿಡಿ ಅಣ್ಣ, ನಾವು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ ಎಂದೆ. ಅವರು ಕೈಮುಗಿದರು. ನಾನೂ ಮುಗಿದೆ. ಅವರನ್ನು ಕ್ಷಮಿಸಿ ಬಸ್ಸು ಹತ್ತಿದೆ.

ಕುಶಾಲನಗರದಿಂದ ಬಂದ ಮೇಲೆ ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಈಗಲಾದರೂ ಹೇಳಬೇಕು ಎಂದುಕೊಂಡು ಕೊಡ್ಲಿಪೇಟೆಯ ಬಸ್ಸು ಹತ್ತಿದೆ. ಅಣ್ಣ ಇಲ್ಲ ಎಂಬುದು ಮುಂಚೆಯೇ ಕಿವಿಗೆ ಬಿದ್ದಿತ್ತು. ಕೆಮ್ಮಿನಲ್ಲೇ ಹೋದರಂತೆ. ಮನೆಯಲ್ಲಿ ಮಗಳಿದ್ದಳು, ಆಕೆಗೂ ಈಗ ತಲೆ ನೆರೆತಿದೆ. ಶಾಲೆ ನಾಲ್ಕನೇ ಕ್ಲಾಸಿಗೇ ನಿಂತಿತಂತೆ. ವಿರಾಜಪೇಟೆಯ ಪ್ರೆಸ್ಸಿನವಳು ನಾನು ಎಂದ ಕೂಡಲೇ ಕೈ ಹಿಡಿದುಕೊಂಡು ಒಳಗೆ ಕರೆದು ಕೂರಿಸಿದಳು.

“ಅಪ್ಪ ಸಾಯೋ ತನಕ ನಿಮ್ಮನ್ನ ನೆನೀತಿದ್ರು ಅಮ್ಮ. ನನ್ನಿಂದ ಅಷ್ಟು ನಷ್ಟ ಆದ್ರೂ ಆಯಮ್ಮ ಒಂದು ಕೆಟ್ಟ ಮಾತು ಆಡ್ಲಿಲ್ಲ, ಅಂಥ ದೊಡ್ಡ ಮನಸ್ಸು ನಾ ಎಲ್ಲೂ ನೋಡಿಲ್ಲ ಅಂತಿದ್ರು.”

ಹೇಳಲೆಂದು ಬಾಯಿ ತೆರೆದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು, ತಂದೆಯ ಹಾಗೆಯೇ, ಏನು ಹೇಳಿದರೂ ನಂಬುವ ಕಣ್ಣಿನಲ್ಲಿ. ನಿಮ್ಮಪ್ಪ ಒಳ್ಳೆಯವರು ಎಂದೆ. ಕಾಫಿ ಕೊಟ್ಟಳು. ಕುಡಿದು ಬಂದೆ.